ಚೀಟಿಯ ಮೇಲೆ 'ಗ್ಲುಟನ್ ಫ್ರೀ', ಚೀಲದೊಳಗೆ ಗೋಧಿ: ಸೀಲಿಯಾಕ್ ಇರುವ ಮಲೆನಾಡಿನ ಮನೆಗಳಿಗೆ ಎಚ್ಚರಿಕೆ

ಶಿವಮೊಗ್ಗದ ಒಂದು ಅಂಗಡಿಯಲ್ಲಿ 'ಗ್ಲುಟನ್ ಫ್ರೀ' ಎಂದು ಚೀಟಿ ಅಂಟಿಸಿದ ರಾಗಿ ಹಿಟ್ಟು, ಸಿರಿಧಾನ್ಯದ ಹಿಟ್ಟು ಮಾರುತ್ತಿದ್ದರು. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟನ್ ಎಂಬ ಪ್ರೋಟೀನು ಸಣ್ಣ ಕರುಳನ್ನು ಹಾಳು ಮಾಡುವ ಕಾಯಿಲೆ ಸೀಲಿಯಾಕ್. ಅದು ಇರುವ ಮಗುವಿನ ಮನೆಯವರು ತಿಂಗಳುಗಟ್ಟಲೆ ಈ ಹಿಟ್ಟನ್ನೇ ತಂದು ಮುದ್ದೆ, ರೊಟ್ಟಿ ಮಾಡಿ ಹಾಕಿದರು. ಇಳಿಯುತ್ತಾ ಬಂದಿದ್ದ ಟಿಟಿಜಿ, ಅಂದರೆ ಈ ಕಾಯಿಲೆಯಲ್ಲಿ ರಕ್ತದಲ್ಲಿ ಹೆಚ್ಚುವ ಪ್ರತಿಕಾಯ, ಮತ್ತೆ ಏರಿತು. ಹೊಟ್ಟೆಯುಬ್ಬರ, ಭೇದಿ ತಿರುಗಿ ಬಂದವು, ತೂಕ ನಿಂತಲ್ಲೇ ನಿಂತಿತು. ವಿಚಾರಿಸಿದಾಗ ಗೊತ್ತಾದದ್ದು ಇಷ್ಟು: ರಾಗಿ ಒಳ್ಳೆಯದೇ ಇತ್ತು, ಆದರೆ ಅದನ್ನು ಬೀಸಿಸುತ್ತಿದ್ದ ಮಿಲ್ಲಿನಲ್ಲಿ, ಅದೇ ಕಲ್ಲಿನಲ್ಲಿ, ಗೋಧಿಯನ್ನೂ ಬೀಸುತ್ತಿದ್ದರು. ಚೀಟಿ ಬರೆದವರಿಗೆ 'ರಾಗಿಯಲ್ಲಿ ಗ್ಲುಟನ್ ಇಲ್ಲ' ಎನ್ನುವುದು ಗೊತ್ತಿತ್ತು. ಹಿಟ್ಟನ್ನು ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

'ನಮ್ಮದು ಅನ್ನದ ಊರು, ಚಪಾತಿ ಬ್ರೆಡ್ಡು ಬಿಟ್ಟರೆ ಆಯಿತು' ಎಂದು ಮಲೆನಾಡಿನಲ್ಲಿ ಎಲ್ಲರೂ ಹೇಳುತ್ತಾರೆ, ಕೆಲವು ವೈದ್ಯರೂ ಹೇಳುತ್ತಾರೆ. ಆ ಮಾತು ಅರ್ಧ ಮಾತ್ರ ನಿಜ. ನಮ್ಮಲ್ಲಿ ಗೋಧಿ ಎಲೆಯ ಮೇಲೆ ಕಾಣುವುದಕ್ಕಿಂತ ಕಾಣದ ಜಾಗಗಳಲ್ಲೇ ಹೆಚ್ಚು ಬರುತ್ತದೆ. ಮಿಲ್ಲಿನ ಕಲ್ಲಿನಲ್ಲಿ ಬರುತ್ತದೆ, ಒಗ್ಗರಣೆಯ ಇಂಗಿನಲ್ಲಿ ಬರುತ್ತದೆ, ಕರಿಯುವ ಎಣ್ಣೆಯಲ್ಲಿ ಬರುತ್ತದೆ.

ಮೊದಲು ಮಿಲ್ಲಿನ ಲೆಕ್ಕ ನೋಡಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಒಂದು ಕಿಲೋ ಪದಾರ್ಥದಲ್ಲಿ ಗ್ಲುಟನ್ 20 ಮಿಲಿಗ್ರಾಂ ಮೀರದಿದ್ದರೆ ಮಾತ್ರ ಅದನ್ನು ಗ್ಲುಟನ್ ಫ್ರೀ ಎನ್ನಬಹುದು. ಗೋಧಿ ಹಿಟ್ಟಿನ ತೂಕದಲ್ಲಿ ಹೆಚ್ಚುಕಡಿಮೆ 100ಕ್ಕೆ 8ರಿಂದ 10 ಪಾಲು ಗ್ಲುಟನ್. ಅಂದರೆ ಒಂದು ಕಿಲೋ ರಾಗಿ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಸೇರಿದರೂ ಮಿತಿ ದಾಟಿತು. ಕಾಲು ಗ್ರಾಂ ಎಂದರೆ ಬೆರಳ ತುದಿಯ ಒಂದು ಚಿಟಿಕೆ. ಮಿಲ್ಲಿನಲ್ಲಿ ಎರಡು ಕಲ್ಲಿನ ನಡುವೆ, ಹಿಟ್ಟು ಇಳಿಯುವ ಬಾಯಿಯಲ್ಲಿ, ಕೆಳಗೆ ಕಟ್ಟಿದ ಬಟ್ಟೆಯ ಚೀಲದಲ್ಲಿ ಉಳಿಯುವುದು ಚಿಟಿಕೆಯಲ್ಲ, ಹಿಡಿಗಟ್ಟಲೆ. 'ಮೊದಲು ಬಿದ್ದ ಒಂದು ಸೇರು ತೆಗೆದಿಡಿ, ಆಮೇಲಿನದು ಶುದ್ಧ' ಎಂದು ಮಿಲ್ಲಿನವರು ಪ್ರೀತಿಯಿಂದಲೇ ಹೇಳುತ್ತಾರೆ. ಅದನ್ನು ನಂಬಬೇಡಿ. ಕಲ್ಲಿನ ಗೀರುಗಳಲ್ಲಿ ಕೂತದ್ದು ಒಂದೇ ಸಲಕ್ಕೆ ಬರುವುದಿಲ್ಲ, ಸ್ವಲ್ಪ ಸ್ವಲ್ಪವೇ ಬರುತ್ತಿರುತ್ತದೆ. ಪಕ್ಕದ ಯಂತ್ರದಲ್ಲಿ ಗೋಧಿ ಬೀಸುತ್ತಿದ್ದರೆ ಗಾಳಿಯಲ್ಲಿ ಹಾರಿದ ಹಿಟ್ಟು ನಿಮ್ಮ ಡಬ್ಬದ ಮೇಲೂ ಕೂರುತ್ತದೆ.

ಪೊಟ್ಟಣದ ಹಿಟ್ಟು ಕೊಳ್ಳುವುದಾದರೆ 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಕರ ವಿಳಾಸ ಇರಲೇಬೇಕು. ಆದರೆ ಪರವಾನಗಿ ಸಂಖ್ಯೆ ಇದ್ದಮಾತ್ರಕ್ಕೆ ಗ್ಲುಟನ್ ಪರೀಕ್ಷೆ ಆಗಿದೆ ಎಂದಲ್ಲ. ತಯಾರಕರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ: ಇದೇ ಯಂತ್ರದಲ್ಲಿ ಗೋಧಿ ಬೀಸುತ್ತೀರಾ? ಈ ಬ್ಯಾಚಿನ ಎಲೈಸಾ (ಗ್ಲುಟನ್ ಅಳೆಯುವ ಪ್ರಯೋಗಾಲಯದ ಪರೀಕ್ಷೆ) ವರದಿ ಇದೆಯಾ? ಸರಿಯಾಗಿ ಮಾಡುವವರು ವರದಿ ಕಳಿಸುತ್ತಾರೆ. 'ನಮ್ಮದೆಲ್ಲ ನೈಸರ್ಗಿಕ' ಎಂಬ ಉತ್ತರ ಬಂದರೆ ಅಲ್ಲಿಗೆ ಬಿಡಿ. ಬಿಡಿಯಾಗಿ ತೂಗಿಕೊಡುವ ಹಿಟ್ಟನ್ನು ಯಾವ ಕಾರಣಕ್ಕೂ ತರಬೇಡಿ.

ನಂಬಬಹುದಾದ ದಾರಿ ಇಡೀ ಕಾಳು ತಂದು ಮನೆಯಲ್ಲೇ ಪುಡಿ ಮಾಡುವುದು. ರಾಗಿ, ಜೋಳಗಳಲ್ಲಿ ಗೋಧಿಯ ಕಾಳು ಬೆರೆತಿರುವುದುಂಟು, ಆದ್ದರಿಂದ ಮೊರದಲ್ಲಿ ಹರಡಿ ಆರಿಸಿ, ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಒಣಗಿಸಿ. ಮೊರವೂ ಗೋಧಿ ಕೇರದ ಮೊರವಾಗಿರಲಿ. ಅಕ್ಕಿ ಹಿಟ್ಟಿಗೆ ಅಕ್ಕಿಯನ್ನು ಎರಡು ಗಂಟೆ ನೆನೆಸಿ, ಬಸಿದು, ನೆರಳಿನಲ್ಲಿ ಹರಡಿ. ಕೈಗೆ ಅಂಟದೆ ಇನ್ನೂ ತುಸು ತೇವ ಇರುವಾಗ ಮಿಕ್ಸಿಗೆ ಹಾಕಿದರೆ ಹಿಟ್ಟು ನುಣ್ಣಗಾಗುತ್ತದೆ. ಒಂದು ಸಲಕ್ಕೆ 200 ಗ್ರಾಂ ಸಾಕು, ಹೆಚ್ಚು ಹಾಕಿದರೆ ಮೋಟಾರು ಬಿಸಿಯಾಗಿ ಹಿಟ್ಟು ತರಿತರಿಯಾಗಿಯೇ ಉಳಿಯುತ್ತದೆ. ಹೀಗೆ ಮಾಡಿದ ಹಿಟ್ಟಿನಲ್ಲಿ ತೇವ ಇರುವುದರಿಂದ ಹಾಗೇ ಡಬ್ಬಕ್ಕೆ ತುಂಬಿದರೆ ಮುಗ್ಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹಬೆ ನಿಲ್ಲುವವರೆಗೆ ಬೆಚ್ಚಗೆ ಹುರಿದು, ಪೂರ್ತಿ ಆರಿಸಿ, ಆಮೇಲೆ ತುಂಬಿ. ಆಗುಂಬೆ, ಹೊಸನಗರದ ಕಡೆ ಆಷಾಢ ಶ್ರಾವಣದಲ್ಲಿ ಏನನ್ನೂ ಒಣಗಿಸಲಾಗದು. ಮಳೆ ಹಿಡಿಯುವ ಮೊದಲೇ ಕಾಳು ತೊಳೆದು ಒಣಗಿಸಿ ಇಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಪುಡಿ ಮಾಡಿ. ಬಾಳೆಕಾಯಿ ಹಿಟ್ಟು, ಅಂದರೆ ಬಾಕಾಹು, ನಮ್ಮಂಥ ಮನೆಗಳಿಗೆ ದೊಡ್ಡ ಆಸರೆ. ಕೊಳ್ಳುವ ಬಾಕಾಹುವಿಗೂ ಮಿಲ್ಲಿನ ಪ್ರಶ್ನೆ ತಪ್ಪದು, ಮನೆಯ ಬಾಳೆಕಾಯಿ ಸೀಳಿ ಒಣಗಿಸಿ ಮಾಡಿಕೊಂಡರೆ ಚಿಂತೆಯೇ ಇಲ್ಲ.

ಇನ್ನು ಇಂಗು. ನಮ್ಮ ಅಡುಗೆಗೆ ಇದೇ ಎಲ್ಲಕ್ಕಿಂತ ದೊಡ್ಡ ಅಪಾಯ ಎಂದು ನಾವು ಒತ್ತಿ ಹೇಳುತ್ತೇವೆ. ಅಂಗಡಿಯ ಡಬ್ಬದಲ್ಲಿರುವುದು ಬರೀ ಇಂಗಲ್ಲ, ಕಾಂಪೌಂಡ್ ಇಂಗು. ಶುದ್ಧ ಇಂಗಿನ ಘಾಟು ತೀರಾ ಹೆಚ್ಚಾದ್ದರಿಂದ ಗೋಂದು, ಪಿಷ್ಟ ಅಥವಾ ಧಾನ್ಯದ ಹಿಟ್ಟು ಬೆರೆಸಲು ನಿಯಮವೇ ಅವಕಾಶ ಕೊಟ್ಟಿದೆ. ಆ ಹಿಟ್ಟು ಬಹಳ ಸಲ ಗೋಧಿ ಅಥವಾ ಮೈದಾ. ಪುಡಿ ಮಾತ್ರವಲ್ಲ, ಗಟ್ಟಿ ಇಂಗಿನ ಉಂಡೆಗೂ ಹಿಟ್ಟು ಕಲಸಿರುತ್ತಾರೆ.

ಒಂದು ಅಂದಾಜು ಹಾಕೋಣ. ಇಂಗಿನ ಪುಡಿಯಲ್ಲಿ 100ಕ್ಕೆ 60 ಪಾಲು ಮೈದಾ ಇದೆ ಎಂದುಕೊಳ್ಳಿ. ನಾಲ್ಕು ಜನರ ಸಾರಿಗೆ ಅರ್ಧ ಗ್ರಾಂ ಇಂಗು ಬಿತ್ತು. ಅದರಲ್ಲಿ 300 ಮಿಲಿಗ್ರಾಂ ಮೈದಾ, ಸುಮಾರು 24 ಮಿಲಿಗ್ರಾಂ ಗ್ಲುಟನ್, ತಲೆಗೆ 6 ಮಿಲಿಗ್ರಾಂ. ಒಂದು ಸಾರಿನಲ್ಲೇ ಮುಗಿದಿದ್ದರೆ ಅಷ್ಟು ಹೆದರಬೇಕಿರಲಿಲ್ಲ. ಆದರೆ ಮಲೆನಾಡಿನ ಒಂದು ದಿನದ ಊಟದಲ್ಲಿ ಅಪ್ಪೆಹುಳಿಗೆ ಇಂಗು, ಹುಳಿಗೆ ಇಂಗು, ತಂಬುಳಿಯ ಒಗ್ಗರಣೆಗೆ ಇಂಗು, ಮಜ್ಜಿಗೆಗೆ ಇಂಗು, ಸಾಂಬಾರ್ ಪುಡಿಯೊಳಗೆ ಇಂಗು, ಉಪ್ಪಿನಕಾಯಿ ರಸದಲ್ಲಿ ಇಂಗು. ಎರಡು ಹೊತ್ತಿನ ಊಟ ಸೇರಿದರೆ 40, 50 ಮಿಲಿಗ್ರಾಂ ಮುಟ್ಟುವುದು ಕಷ್ಟವಲ್ಲ. ಇಟಲಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲುಟನ್ ಮೂರು ತಿಂಗಳು ತಿಂದವರ ಸಣ್ಣ ಕರುಳಿನ ಒಳಪದರಕ್ಕೆ ಹಾನಿಯಾದದ್ದು ಕಂಡುಬಂದಿತ್ತು. ಚಪಾತಿ ಬಿಟ್ಟು ವರ್ಷವಾದರೂ ಟಿಟಿಜಿ ಇಳಿಯದ ಮನೆಗಳಲ್ಲಿ ಮೊದಲು ತೆರೆದು ನೋಡಬೇಕಾದದ್ದು ಇಂಗಿನ ಡಬ್ಬ.

ಅಕ್ಕಿ ಹಿಟ್ಟು ಅಥವಾ ಗೋಂದು ಮಾತ್ರ ಬೆರೆಸಿ, ಗ್ಲುಟನ್ ಪರೀಕ್ಷೆ ಮಾಡಿಸಿದ ಇಂಗು ಈಗ ಸಿಗುತ್ತದೆ. ಹಿಂಬದಿಯ ಪಟ್ಟಿ ಓದಿ: 'ವೀಟ್ ಫ್ಲೋರ್', 'ರಿಫೈನ್ಡ್ ವೀಟ್ ಫ್ಲೋರ್' ಇದ್ದರೆ ವಾಪಸ್ಸಿಡಿ. ಬರೀ 'ಎಡಿಬಲ್ ಫ್ಲೋರ್' ಎಂದಿದ್ದರೂ ಬೇಡ. ಸಿಗುವವರೆಗೆ ಸಾಸಿವೆ, ಜೀರಿಗೆ, ಕರಿಬೇವು, ಒಣಮೆಣಸಿನ ಒಗ್ಗರಣೆ ಸಾಕು. ಬೆಳ್ಳುಳ್ಳಿ ತಿನ್ನುವ ಮನೆಯಾದರೆ ಜಜ್ಜಿ ಹಾಕಿ. ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉದ್ದಿನ ಹಪ್ಪಳ, ಚಕ್ಕುಲಿ, ಖಾರ ಮಿಕ್ಸ್ಚರು, ಅಂಗಡಿ ಉಪ್ಪಿನಕಾಯಿ ಇವೆಲ್ಲ ಇಂಗಿನ ಲೆಕ್ಕಕ್ಕೇ ಸೇರುತ್ತವೆ. ನೆಂಟರ ಮನೆಯಿಂದ ಬಂದ ಅಪ್ಪೆಮಿಡಿ ಜಾಡಿಯನ್ನು ತೆರೆಯುವ ಮೊದಲು 'ಅತ್ತೆ, ಇದಕ್ಕೆ ಇಂಗು ಹಾಕಿದ್ದೀರಾ' ಎಂದು ಕೇಳಲು ಸಂಕೋಚ ಬೇಡ.

ಜವೆ ಗೋಧಿಯ ಬಗ್ಗೆ ತಪ್ಪು ತಿಳಿವಳಿಕೆ ಬಹಳ ಹರಡಿದೆ. ಅದೂ ಗೋಧಿಯೇ, ಅದರಲ್ಲೂ ಗ್ಲುಟನ್ ಇದೆ. ಸಕ್ಕರೆ ಕಾಯಿಲೆಯವರಿಗೆ ಯಾರೋ ಹೇಳಿದ ಸಲಹೆ ಸೀಲಿಯಾಕ್ ಮಗುವಿಗೆ ಅನ್ವಯಿಸುವುದಿಲ್ಲ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಬನ್ಸಿ ರವೆ, ಅಂಗಡಿಯ ಶಾವಿಗೆ ಎಲ್ಲವೂ ಗೋಧಿ. ಮನೆಯಲ್ಲಿ ಅಕ್ಕಿಯಿಂದ ಒತ್ತಿದ ಶಾವಿಗೆ ತಿನ್ನಬಹುದು.

ಮಾಲ್ಟ್ ಇನ್ನೊಂದು ಉರುಳು. ಮಗು ಬೆಳೆಯುತ್ತಿಲ್ಲ ಎಂದು ಹಾಲಿಗೆ ಬೆರೆಸಿ ಕೊಡುವ ಪುಡಿಗಳಲ್ಲಿ ಬಹುಪಾಲು ಬಾರ್ಲಿಯ ಮೊಳಕೆಯಿಂದ ಮಾಡಿದವು, ಕೆಲವಕ್ಕೆ ಗೋಧಿಯೂ ಸೇರಿರುತ್ತದೆ. ಬೆಳವಣಿಗೆ ನಿಲ್ಲಿಸಿದ ವಸ್ತುವನ್ನೇ ಬೆಳವಣಿಗೆಗೆಂದು ಕುಡಿಸಿದಂತಾಗುತ್ತದೆ. ಕಾರ್ನ್ ಫ್ಲೇಕ್ಸಿಗೂ ಮಾಲ್ಟ್ ಎಕ್ಸ್‌ಟ್ರಾಕ್ಟ್ ಹಾಕುವುದುಂಟು. ಮನೆಯಲ್ಲಿ ಮೊಳಕೆ ಕಟ್ಟಿ ಮಾಡಿದ ರಾಗಿ ಮಾಲ್ಟ್ ಆಗಬಹುದು. ಶಾಲೆಯಲ್ಲಾಗಲಿ ಅಂಗನವಾಡಿಯಲ್ಲಾಗಲಿ ಕೊಡುವ ಮಿಶ್ರಣದಲ್ಲಿ ಏನೇನಿದೆ ಎಂದು ಚೀಲದ ಮೇಲೆ ಓದದೆ ಕುಡಿಸಬೇಡಿ. ಮುಖ್ಯೋಪಾಧ್ಯಾಯರಿಗೆ ವೈದ್ಯರ ಪತ್ರವನ್ನು ಕೊಟ್ಟಿಡಿ, ಬಿಸಿಯೂಟದ ಅಮ್ಮಂದಿರಿಗೆ ಬಾಯಲ್ಲೂ ತಿಳಿಸಿ ಹೇಳಿ. ಸಾಂಬಾರಿನ ಸೌಟನ್ನು ಮಗುವಿನ ತಟ್ಟೆಯ ಅನ್ನಕ್ಕೆ ತಾಗಿಸದಂತೆ ನೋಡಿಕೊಳ್ಳುವವರು ಅವರೇ.

ಹಬ್ಬ, ಮದುವೆ, ಸತ್ಯನಾರಾಯಣ ಪೂಜೆಗಳಲ್ಲಿ ದೊಡ್ಡವರು ಮಮತೆಯಿಂದಲೇ ತಪ್ಪು ಮಾಡುತ್ತಾರೆ. 'ದೇವರ ಪ್ರಸಾದ, ಒಂದು ಚೂರು ತಿಂದರೆ ಏನೂ ಆಗುವುದಿಲ್ಲ' ಎಂದು ಕೊಡುವ ಸಪಾದಭಕ್ಷ್ಯ ಪೂರ್ತಿ ರವೆ. ಹೋಳಿಗೆಯ ಕಣಕ ಮೈದಾ ಅಥವಾ ಚಿರೋಟಿ ರವೆ. ಹಾಲು, ಹಣ್ಣು, ತೆಂಗಿನಕಾಯಿ, ಮನೆಯಲ್ಲೇ ಮಾಡಿದ ಪಂಚಕಜ್ಜಾಯ ಕೊಡಿ ಎಂದು ಭಟ್ಟರಿಗೆ ಮೊದಲೇ ಹೇಳಿದರೆ ಯಾರೂ ಬೇಸರ ಮಾಡುವುದಿಲ್ಲ. ಪಂಕ್ತಿಯಲ್ಲಿ ಮಗುವನ್ನು ತುದಿಯ ಎಲೆಗೆ ಕೂರಿಸಿ. ಬಡಿಸುವವರ ಕೈ ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲೇ ಅಡುಗೆಮನೆಯಿಂದ ನೇರವಾಗಿ ಬಿಳಿ ಅನ್ನ, ತುಪ್ಪ, ಒಗ್ಗರಣೆ ಹಾಕದ ಮೊಸರು, ಬಾಳೆಹಣ್ಣು ತಂದು ಬಡಿಸಿ. ತೊವ್ವೆ ಬೇಕಿದ್ದರೆ ಒಗ್ಗರಣೆಗೆ ಮುಂಚೆ ಒಂದು ಬಟ್ಟಲು ತೆಗೆದಿಡಲು ಹೇಳಿ. ಹಪ್ಪಳ ಅಕ್ಕಿಯದ್ದೇ ಆದರೂ ಪೂರಿ ಕರಿದ ಎಣ್ಣೆಯಲ್ಲಿ ಕರಿದಿದ್ದರೆ ಬೇಡ. ಕಾದ ಎಣ್ಣೆಯಲ್ಲಿ ಗ್ಲುಟನ್ ಸುಟ್ಟು ಹೋಗುತ್ತದೆ ಎಂಬುದು ಸುಳ್ಳು.

ಹೋಟೆಲಿನಲ್ಲಿ ಇಡ್ಲಿ ಸರಿ, ಅದೂ ಒಗ್ಗರಣೆ ಇಲ್ಲದ ಚಟ್ನಿಯ ಜೊತೆ. ಪಕ್ಕದ ತಟ್ಟೆಯಲ್ಲಿ ರವೆ ಇಡ್ಲಿ ಬೇಯುತ್ತಿದ್ದರೆ ಅದೂ ಬೇಡ. ದೋಸೆ ಕೆಂಪಗೆ ಗರಿಗರಿಯಾಗಲಿ ಎಂದು ಹಿಟ್ಟಿಗೆ ಚಿರೋಟಿ ರವೆಯನ್ನೋ ಮೈದಾವನ್ನೋ ಸೇರಿಸುವ ಕಡೆಗಳಿವೆ. ಅಕ್ಕಿ ರೊಟ್ಟಿ ಒಡೆಯದಂತೆ ಹಿಡಿ ಮೈದಾ ಹಾಕುವವರೂ ಇದ್ದಾರೆ. ಗೋಬಿ ಮಂಚೂರಿಯ ಮೈದಾ ಎಲ್ಲರಿಗೂ ಗೊತ್ತು, ಅದರ ಸೋಯಾ ಸಾಸಿನಲ್ಲೂ ಗೋಧಿ ಇರುತ್ತದೆ ಎಂಬುದು ಗೊತ್ತಿರುವುದಿಲ್ಲ.

ಮನೆಯೊಳಗೆ ಎಲ್ಲರೂ ಗೋಧಿ ಬಿಟ್ಟರೆ ಸುಲಭ. ಅದು ಆಗದಿದ್ದರೆ ಜರಡಿ, ಲಟ್ಟಣಿಗೆ, ಮಣೆ, ಮರದ ಸಟ್ಟುಗ, ಕಾವಲಿ, ಪಾತ್ರೆ ತಿಕ್ಕುವ ನಾರು ಇಷ್ಟನ್ನು ಬೇರೆ ಮಾಡಿ. ಜರಡಿಯ ಕಣ್ಣಿನಲ್ಲಿ ಕೂತ ಹಿಟ್ಟನ್ನು ತೊಳೆದು ತೆಗೆಯಲಾಗದು. ಹಳೆಯ ಬೀಡಿನ ಕಾವಲಿಯೂ ಹಾಗೆಯೇ. ಸ್ಟೀಲಿನ ಪಾತ್ರೆಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆದರೆ ಸಾಕು, ಹೊಸದು ಕೊಳ್ಳಬೇಕಿಲ್ಲ. ಚಪಾತಿ ಹಿಟ್ಟು ಕಲಸುವ ಹೊತ್ತಿನಲ್ಲಿ ಮಗುವಿನ ಅಡುಗೆ ಮುಗಿದು ಮುಚ್ಚಿಟ್ಟಿರಬೇಕು.

ಪರೀಕ್ಷೆಯ ವಿಷಯದಲ್ಲಿ ಬಹಳ ಮನೆಗಳನ್ನು ಹಾಳು ಮಾಡಿದ ಸಲಹೆಯೊಂದಿದೆ: 'ಮೊದಲು ಗೋಧಿ ಬಿಟ್ಟು ನೋಡಿ, ಗುಣವಾಗದಿದ್ದರೆ ಪರೀಕ್ಷೆ ಮಾಡಿಸೋಣ.' ಹಾಗೆ ಮಾಡಲೇಬೇಡಿ. ಗೋಧಿ ಬಿಟ್ಟ ಮೇಲೆ ರಕ್ತದ ಟಿಟಿಜಿ ಇಳಿಯುತ್ತದೆ, ಕರುಳು ಮಾಗತೊಡಗುತ್ತದೆ, ಕಾಯಿಲೆ ಇದ್ದೂ ಇಲ್ಲವೆಂದು ವರದಿ ಬರುತ್ತದೆ. ಆಮೇಲೆ ಖಚಿತಪಡಿಸಿಕೊಳ್ಳಲು ವೈದ್ಯರ ನಿಗಾದಲ್ಲಿ ವಾರಗಟ್ಟಲೆ ಮತ್ತೆ ಗೋಧಿ ತಿನ್ನಿಸಬೇಕಾಗುತ್ತದೆ, ಮಗು ನರಳುತ್ತದೆ. 2016ರಲ್ಲಿ ಪ್ರಕಟವಾದ ಭಾರತದ ಅಧ್ಯಯನದಲ್ಲಿ ರಕ್ತದಲ್ಲಿ ಸೀಲಿಯಾಕ್‌ನ ಪ್ರತಿಕಾಯ ಇದ್ದವರು ಉತ್ತರದಲ್ಲಿ 100ಕ್ಕೆ 1.23, ದಕ್ಷಿಣದಲ್ಲಿ 0.10 ಎಂದು ಕಂಡಿತು. ಆದರೆ ಕಾಯಿಲೆಗೆ ದಾರಿ ಮಾಡುವ ಜೀನುಗಳು ಎರಡೂ ಕಡೆ ಸರಿಸುಮಾರು ಮೂರರಲ್ಲೊಬ್ಬರಿಗೆ ಇದ್ದವು. ಅಪರೂಪ ಎನ್ನುವ ಕಾರಣಕ್ಕೇ ನಮ್ಮಲ್ಲಿ ಇದು ಯಾರಿಗೂ ಹೊಳೆಯದೆ, ವರ್ಷಗಟ್ಟಲೆ ಜಂತುಹುಳದ ಔಷಧಿ, ಕಬ್ಬಿಣದ ಟಾನಿಕ್ ನಡೆಯುತ್ತದೆ. ಟಾನಿಕ್ಕಿಗೆ ಬಗ್ಗದ ರಕ್ತಹೀನತೆ, ನಿಂತ ಎತ್ತರ, ಮರಳಿ ಮರಳಿ ಬರುವ ಬಾಯಿಹುಣ್ಣು ಇದ್ದರೆ ನೀವೇ ಬಾಯಿಬಿಟ್ಟು ಟಿಟಿಜಿ ಕೇಳಿ. ಅದರ ಜೊತೆಗೆ ಒಟ್ಟು ಐಜಿಎ, ಅಂದರೆ ಟಿಟಿಜಿ ಪರೀಕ್ಷೆ ಹುಡುಕುವ ಬಗೆಯ ಪ್ರತಿಕಾಯದ ಒಟ್ಟು ಪ್ರಮಾಣವನ್ನೂ ನೋಡಿಸಿ. ಐಜಿಎಯೇ ಕಡಿಮೆ ಇರುವವರಲ್ಲಿ ಟಿಟಿಜಿ ಸುಳ್ಳು ಹೇಳುತ್ತದೆ. ಎಂಡೋಸ್ಕೋಪಿ ಮಾಡಿದರೆ ಸಣ್ಣ ಕರುಳಿನ ಮೊದಲ ಭಾಗದಿಂದ ನಾಲ್ಕಾದರೂ ತುಣುಕು ತೆಗೆಯಬೇಕು, ಹಾನಿ ತೇಪೆ ತೇಪೆಯಾಗಿ ಇರುವುದರಿಂದ ಒಂದೆರಡು ತುಣುಕಿನಲ್ಲಿ ತಪ್ಪಿಹೋಗಬಹುದು.

ಒಬ್ಬರಿಗೆ ಖಚಿತವಾದರೆ ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ ಎಲ್ಲರೂ ಗೋಧಿ ತಿನ್ನುತ್ತಿರುವಾಗಲೇ ಟಿಟಿಜಿ ಮಾಡಿಸಿಕೊಳ್ಳಬೇಕು. ಹತ್ತಿರದ ರಕ್ತಸಂಬಂಧಿಗಳಲ್ಲಿ ಹತ್ತರಲ್ಲೊಬ್ಬರಿಗೆ ಬರುವ ಸಂಭವ ಇದೆ, ಅವರಲ್ಲಿ ಅನೇಕರಿಗೆ ಯಾವ ತೊಂದರೆಯೂ ಕಂಡಿರುವುದಿಲ್ಲ. ಮಕ್ಕಳಿಗೆ ಈಗ ಇಲ್ಲವೆಂದು ಬಂದರೂ ಮುಂದೆ ಬರಬಹುದು, ಆದ್ದರಿಂದ ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ರಕ್ತ ಕೊಡಿ. ಮನೆಯವರೆಲ್ಲ ಒಟ್ಟಿಗೆ ಗೋಧಿ ಬಿಡುವ ಯೋಚನೆ ಇದ್ದರೆ ಎಲ್ಲರ ವರದಿ ಕೈಗೆ ಬಂದ ಮೇಲೆ ಬಿಡಿ.