ಎರಡು ಹಳಿಗಳ ನಡುವಿನ ಹತ್ತು ಮಿಲಿಮೀಟರ್

ಮೂರು ವರ್ಷದಿಂದ ಬಳಸುತ್ತಿರುವ ಈ ವಸ್ತು ನೋಡಲು ಬೆರಳುದ್ದದ ಪ್ಲಾಸ್ಟಿಕ್ ತುಂಡು, ಅಷ್ಟೇ. ಅಡಿಯಲ್ಲಿ ನಾಲ್ಕು ಕಚ್ಚುಗಳಿವೆ. ಪಕ್ಕಪಕ್ಕದ ಎರಡು ಮಾರ್ಗಗಳ ನಾಲ್ಕೂ ಹಳಿಗಳ ಮೇಲೆ ಅದನ್ನು ಕೂರಿಸಿದರೆ ಒಂದರ ಮಧ್ಯರೇಖೆಯಿಂದ ಇನ್ನೊಂದರ ಮಧ್ಯರೇಖೆಗೆ 50 ಮಿ.ಮೀ. ಅಂತರ ತಾನಾಗಿ ನಿಲ್ಲುತ್ತದೆ. ಮಾದರಿ ರೈಲಿನ ಜೋಡಿ ಮಾರ್ಗ ಹಾಕುವವರಿಗೆ ಬೇಕಾದ ಅಂತರದ ಗೇಜ್ ಇದು. ನಾನು ಕೊಂಡದ್ದು ಆರರ ಕಟ್ಟು.

ಜೋಡಿ ಮಾರ್ಗದ ಆಸೆ ನನಗೆ ಹಳೆಯದು. ಮೈಸೂರಿನಿಂದ ಬೆಂಗಳೂರಿಗೆ ಓಡಾಡುತ್ತಿದ್ದ ವರ್ಷಗಳಲ್ಲಿ ಕ್ರಾಸಿಂಗ್‌ಗೆಂದು ನಮ್ಮ ರೈಲು ನಿಂತಾಗಲೆಲ್ಲ ಕಿಟಕಿಯ ಹೊರಗೆ ನೋಡುತ್ತಾ ಎದುರು ರೈಲಿಗೆ ಕಾದಿದ್ದೇನೆ. ಶ್ರೀರಂಗಪಟ್ಟಣದಲ್ಲಿ ಎರಡನೆಯ ಹಳಿಗೆ ದಾರಿ ಬಿಡಲು 2017ರಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನೇ ಇಡಿಯಾಗಿ ಸರಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಲಗೆ ಮನೆಗೆ ಬಂದ ದಿನವೇ ಇದರ ಮೇಲೆ ಎರಡು ಮಾರ್ಗ ಇರಲೇಬೇಕು ಎಂದು ನಿಶ್ಚಯಿಸಿದ್ದೆ.

ನೇರ ಹಳಿಯಲ್ಲಿ ಈ ಗೇಜ್‌ಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ನನ್ನದು ಎಚ್‌ಒ ಅಳತೆ, ಅಂದರೆ 1:87, ನಿಜವಾದ ರೈಲಿನ ಎಂಬತ್ತೇಳರಲ್ಲಿ ಒಂದು ಪಾಲು. ಹಳಿ ಪೀಕೋ ಕಂಪನಿಯ ಫ್ಲೆಕ್ಸಿ ಟ್ರ್ಯಾಕ್, ಅಂದರೆ ಬೇಕಾದಂತೆ ಬಗ್ಗಿಸಬಹುದಾದ ಹಳಿ, ಒಂದೊಂದು ತುಂಡು 914 ಮಿ.ಮೀ. ಮೊದಲ ಮಾರ್ಗವನ್ನು ಪೆನ್ಸಿಲ್ ಗೆರೆಯ ಮೇಲೆ ಮೊಳೆ ಹೊಡೆದು ಕೂರಿಸಬೇಕು. ಗೇಣಿಗೊಂದು ಗೇಜ್ ಇಟ್ಟು ಎರಡನೆಯ ಮಾರ್ಗವನ್ನು ಕಚ್ಚುಗಳಿಗೆ ಒತ್ತಬೇಕು. ಹಲಗೆಗೆ ಕಣ್ಣು ತಾಗುವಷ್ಟು ಬಗ್ಗಿ ನೋಡಿದರೆ ನಾಲ್ಕು ಹಳಿಗಳೂ ಎಳೆದು ಕಟ್ಟಿದ ತಂತಿಗಳಂತೆ ಕಾಣುತ್ತವೆ. ಈ 50 ಮಿ.ಮೀ. ಲೆಕ್ಕಕ್ಕೆ ಕಾರಣವೂ ಇದೆ. ಈ ಹಳಿಗೆ ಹೊಂದುವ 12 ಡಿಗ್ರಿ ಕೋನದ ಎರಡು ಪಾಯಿಂಟ್‌ಗಳನ್ನು (ಹಳಿ ಕವಲೊಡೆಯುವ ತುಂಡುಗಳನ್ನು) ಜೋಡಿಸಿ, ರೈಲು ಒಂದು ಮಾರ್ಗದಿಂದ ಇನ್ನೊಂದಕ್ಕೆ ದಾಟುವ ಕ್ರಾಸ್‌ಓವರ್ ಮಾಡಿದರೆ ಮಾರ್ಗಗಳ ನಡುವೆ ಹೆಚ್ಚುಕಡಿಮೆ ಇಷ್ಟೇ ಅಂತರ ಬರುತ್ತದೆ.

ಅಸಮಾಧಾನ ಶುರುವಾದದ್ದು ತಿರುವಿನಲ್ಲಿ. ಹೊರ ಮಾರ್ಗದ ತ್ರಿಜ್ಯ 550, ಒಳ ಮಾರ್ಗದ್ದು 500 ಮಿ.ಮೀ. ಅಲ್ಲಿಯೂ ಇದೇ ಗೇಜ್ ಇಟ್ಟು, ಬೆಸುಗೆ ಹಾಕಿ, ಎರಡು ಭಾನುವಾರ ಸುರಿದು ಮುಗಿಸಿದೆ. ಎದುರುಬದುರಾಗಿ ಎರಡು ರೈಲು ಬಿಟ್ಟ ಮೊದಲ ಸಂಜೆಯೇ ನೀಲಿ ಐಸಿಎಫ್ (ಚೆನ್ನೈನ ಬೋಗಿ ಕಾರ್ಖಾನೆ) ಮಾದರಿಯ ಬೋಗಿಗಳು ಒಂದಕ್ಕೊಂದು ಉಜ್ಜಿ, ಒಳಗಿನದು ಹಳಿ ತಪ್ಪಿ ಮಗುಚಿತು. ಬಾಗಿಲ ಹತ್ತಿರ ಬಣ್ಣ ಎದ್ದುಹೋಯಿತು. ಆ ಬೋಗಿಗಾಗಿ ನಾನು ನಾಲ್ಕು ತಿಂಗಳು ಹಣ ಕೂಡಿಟ್ಟಿದ್ದೆ.

ತಿರುವಿನಲ್ಲಿ ಉದ್ದನೆಯ ಬೋಗಿಯ ನಡುಭಾಗ ಒಳಕ್ಕೆ ಬಾಗುತ್ತದೆ, ತುದಿಗಳು ಹೊರಕ್ಕೆ ಚಾಚುತ್ತವೆ. ಐಸಿಎಫ್ ಬೋಗಿ ನಮ್ಮ ಅಳತೆಯಲ್ಲಿ 245 ಮಿ.ಮೀ. ಉದ್ದ, 37 ಮಿ.ಮೀ. ಚಿಲ್ಲರೆ ಅಗಲ. ನನ್ನ ತಿರುವಿನಲ್ಲಿ ಒಳ ರೈಲಿನ ತುದಿ ಸುಮಾರು 8 ಮಿ.ಮೀ., ಹೊರ ರೈಲಿನ ನಡು ಆರೂವರೆ ಮಿ.ಮೀ. ಸರಿಯುತ್ತವೆ. ಎಲ್ಲ ಕೂಡಿದರೆ 52ರ ಹತ್ತಿರ. ಗೇಜ್ ಕೊಟ್ಟದ್ದು 50. ಇಕ್ಕಟ್ಟಾದ ತಿರುವುಗಳ ಸಿದ್ಧ ಹಳಿಗಳಲ್ಲಿ 438ರ ನಂತರದ ತ್ರಿಜ್ಯ 505 ಆಗಿರುವುದು, ಅಂದರೆ 67 ಮಿ.ಮೀ. ಬಿಟ್ಟಿರುವುದು ಇದಕ್ಕೇ. ಗೇಜ್‌ನ ಪೊಟ್ಟಣದ ಮೇಲೆ ಮಾತ್ರ ತಿರುವಿನ ಬಗ್ಗೆ ಒಂದು ಸಾಲೂ ಇಲ್ಲ. ಹೊಸಬರಿಗಾಗಿಯೇ ಮಾರುವ ವಸ್ತುವಿನಲ್ಲಿ ಇದು ಕ್ಷಮಿಸಲಾಗದ ಲೋಪ ಎಂದೇ ನನ್ನ ಅಭಿಪ್ರಾಯ.

ಹೊಸ ಹಳಿ ಕೊಳ್ಳಲು ಹಣವಿರಲಿಲ್ಲ. ಮೊಳೆಗಳನ್ನು ಒಂದೊಂದಾಗಿ ಕಿತ್ತು ಒಳ ಮಾರ್ಗದ ತ್ರಿಜ್ಯವನ್ನು 490ಕ್ಕೆ ಇಳಿಸಿದೆ. ಪ್ರತಿ ತಿರುವಿನಲ್ಲೂ ಮೂವತ್ತು ಮಿ.ಮೀ. ಚಿಲ್ಲರೆ ಹಳಿ ಕತ್ತರಿಸಿದ್ದಷ್ಟೇ ನಷ್ಟ. ನೇರ ಭಾಗದ ಕೊನೆಯ ಒಂದು ಅಡಿಯಲ್ಲಿ ಅಂತರ 50ರಿಂದ 60ಕ್ಕೆ ಮೆಲ್ಲಗೆ ಹಿಗ್ಗುವಂತೆ ಹಳಿ ಬಗ್ಗಿಸಿದೆ. ತಿರುವಿಗೆಂದೇ ಬಡಗಿಯಿಂದ ತೇಗದ ಚೂರಿನಲ್ಲಿ 60 ಮಿ.ಮೀ. ಗೇಜ್ ಮಾಡಿಸಿಕೊಂಡೆ. ಮೊಳೆ ಹೊಡೆಯುವ ಮುನ್ನ ಬೋಗಿಯ ಮೂಲೆಗೂ ನಡುವಿಗೂ ಪೆನ್ಸಿಲ್ ತುಂಡು ಅಂಟಿಸಿ ತಿರುವಿನುದ್ದಕ್ಕೂ ಕೈಯಲ್ಲಿ ತಳ್ಳಿದೆ. ಹಲಗೆಯ ಮೇಲೆ ಮೂಡಿದ ಎರಡು ಗೆರೆಗಳ ನಡುವೆ 8 ಮಿ.ಮೀ. ಖಾಲಿ ಜಾಗ ಕಂಡಾಗ ಮನಸ್ಸು ಹಗುರವಾಯಿತು.

ಹಾಗೆಂದು ಪ್ಲಾಸ್ಟಿಕ್ ಗೇಜ್‌ಗಳನ್ನು ಮೂಲೆಗೆ ಎಸೆದಿಲ್ಲ. ಮಳೆಗಾಲದಲ್ಲಿ ಪ್ಲೈವುಡ್ ಉಬ್ಬುತ್ತದೆ, ಬೇಸಿಗೆಯಲ್ಲಿ ಹಳಿ ಹಿಗ್ಗುತ್ತದೆ. ದಿನವೂ ಸಂಜೆ ಊಟಕ್ಕೆ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಹಳಿ ಒರೆಸುತ್ತೇನೆ. ಆಮೇಲೆ ಒಂದು ಗೇಜನ್ನು ನಾಲ್ಕು ಹಳಿಗಳ ಮೇಲಿಟ್ಟು ಒಂದೇ ಬೆರಳಿನಿಂದ ನೇರ ಭಾಗದುದ್ದಕ್ಕೂ ಜಾರಿಸುತ್ತೇನೆ. ಎಲ್ಲಿ ತಡೆಯುತ್ತದೋ ಅಲ್ಲಿ ಮೊಳೆ ಸಡಿಲಾಗಿದೆ ಎಂದು ತಿಳಿಯಬಹುದು. ಮೂರು ವರ್ಷದಲ್ಲಿ ಕಚ್ಚುಗಳು ಕೂದಲೆಳೆಯಷ್ಟೂ ಸವೆದಿಲ್ಲ. ಗೇಜ್ ಜಾರುವ ಆ ಸಣ್ಣ ಸದ್ದು ಕೇಳಿದೊಡನೆ ಮಗಳು ಪುಸ್ತಕ ಮುಚ್ಚಿಟ್ಟು ಬಂದು ಎರಡನೆಯ ಕಂಟ್ರೋಲರ್ ಹಿಡಿಯುತ್ತಾಳೆ. ಹೊರ ಮಾರ್ಗ ಅವಳದು.

ಜಾಗ ಉಳ್ಳವರು, ಯಾರ್ಡಿನಲ್ಲಿ ನೇರ ಮಾರ್ಗಗಳನ್ನು ಹಾಕುವವರು ಕಣ್ಣು ಮುಚ್ಚಿ ಕೊಳ್ಳಲಿ. ನನ್ನಂತೆ ನಾಲ್ಕು ಅಡಿ ಅಗಲದಲ್ಲಿ ರೈಲು ತಿರುಗಿಸುವವರು ತಿರುವಿಗೆ ಬೇರೆ ಗೇಜ್ ಇಟ್ಟುಕೊಂಡೇ ಕೆಲಸಕ್ಕೆ ಕೈ ಹಾಕಲಿ. ಮುಂದಿನ ತಿಂಗಳು ಹೊರ ಮಾರ್ಗದ ಪಕ್ಕದಲ್ಲಿ ಗೂಡ್ಸ್ ಗಾಡಿ ಸರಿದು ನಿಲ್ಲಲು ಒಂದು ಲೂಪ್, ಅಂದರೆ ಪಕ್ಕದ ಹಳಿ, ಹಾಕಬೇಕು. ಅದು ನೇರ ಭಾಗದಲ್ಲೇ ಮುಗಿಯುತ್ತದೆ, ಆರೂ ಗೇಜ್‌ಗಳನ್ನು ಒರೆಸಿ ಇಟ್ಟಿದ್ದೇನೆ.