ರೂಟ್ ಮಾಡಿದ ಟ್ಯಾಬ್‌ನಲ್ಲಿ ಜಾಗ ಇಲ್ಲ ಅಂತ ಬಂದರೆ ಮೊದಲು ಹಾಡು ಅಳಿಸಬೇಡಿ

ಅಪ್ಪನ ಹನ್ನೊಂದು ತತ್ವಪದದ ರೆಕಾರ್ಡಿಂಗ್ ಹೋದವು. ಅಳಿಸಿದ್ದು ನಾನೇ, ನನ್ನ ಕೈಯಾರೆ. ರೂಟ್ ಮಾಡಿ (ಅಂದ್ರೆ ಕಂಪನಿ ಮುಚ್ಚಿಟ್ಟ ಸಿಸ್ಟಮ್ ಫೈಲ್‌ಗಳಿಗೂ ಕೈ ಹಾಕುವ ಪೂರ್ತಿ ಅನುಮತಿ ಪಡೆದು) ಬೇರೆ ಆಂಡ್ರಾಯ್ಡ್ ಹಾಕಿದ ಹಳೆ ಟ್ಯಾಬ್ ನಿಮ್ಮ ಮನೆಯಲ್ಲೂ ಇದ್ದರೆ ದಯವಿಟ್ಟು ಪೂರ್ತಿ ಓದಿ.

ಟ್ಯಾಬ್ 16 ಜಿಬಿಯದು. ತಗೊಂಡಾಗ ನಮ್ಮೂರಿನ ಹೆಸರು ಇನ್ನೂ ಗುಲಬರ್ಗಾ, ಬಿಲ್ಲಿನ ಮೇಲೂ ಹಾಗೇ ಇದೆ. 2014ರ ನವೆಂಬರ್ 1ಕ್ಕೆ ಕಲಬುರಗಿ ಆಯ್ತಲ್ಲ, ಅದಕ್ಕೂ ಮುಂಚಿನ ಮಾತು. ಆಗ ನನಗೆ ಹುಚ್ಚು. ರಾತ್ರಿ ಕೂತು ರೂಟ್ ಮಾಡುವುದು, ಹೊಸ ರಿಕವರಿ (ಆಂಡ್ರಾಯ್ಡ್ ಶುರುವಾಗದೆಯೇ ಬೇರೆಯಾಗಿ ತೆರೆಯುವ, ಬ್ಯಾಕಪ್ ರೀಸೆಟ್ ಮಾಡುವ ಪುಟ್ಟ ಸಾಫ್ಟ್‌ವೇರ್) ಹಾಕುವುದು, ಎಲ್ಲಾದರೂ ಕೆಟ್ಟರೆ ಇರಲಿ ಅಂತ ಪ್ರತಿ ಸಲ ಪೂರ್ತಿ ಬ್ಯಾಕಪ್ ತೆಗೆಯುವುದು. ಆಮೇಲೆ ಹುಚ್ಚು ಇಳಿಯಿತು, ಟ್ಯಾಬ್ ಅಪ್ಪನ ಪಾಲಾಯಿತು. ಊರಲ್ಲಿ ಭಜನೆ ನಡೆದಾಗ ಅಪ್ಪ ಅದರಲ್ಲೇ ರೆಕಾರ್ಡ್ ಮಾಡಿಕೊಂಡು ಬರುತ್ತಿದ್ದರು, ಬೇಸಿಗೆ ಮಧ್ಯಾಹ್ನ ಫ್ಯಾನ್ ಕೆಳಗೆ ಮಲಗಿ ಕೇಳುತ್ತಿದ್ದರು.

ಒಂದು ದಿನ 'ಜಾಗ ಸಾಲದು' ಅಂತ ಬಂತು. ಹಾಡುಗಳೆಲ್ಲ ವೇವ್ ಫೈಲ್, ಅಂದ್ರೆ ಕುಗ್ಗಿಸದ ಆಡಿಯೊ, ಒಂದೊಂದೂ 100 ಎಂಬಿ ದಾಟಿದ್ದವು. ಇವೇ ತಿನ್ನುತ್ತಿವೆ ಅಂದುಕೊಂಡು ಹಳೆಯವು ಹನ್ನೊಂದು ಅಳಿಸಿಬಿಟ್ಟೆ, ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಎರಡು ವಾರಕ್ಕೆ ಮತ್ತೆ ಫುಲ್.

ಆಗ ಸೂಪರ್ ಮಾರ್ಕೆಟ್ ಕಡೆಯ ಒಂದು ಮೊಬೈಲ್ ಅಂಗಡಿಗೆ ಒಯ್ದೆ. ರಿಕವರಿಯಿಂದ ಫ್ಯಾಕ್ಟರಿ ರೀಸೆಟ್ ಹೊಡೆದರು, 300 ರೂಪಾಯಿ ತಗೊಂಡರು. ಆ್ಯಪ್‌ಗಳು ಹೋದವು, ಅಷ್ಟರ ಮಟ್ಟಿಗೆ ಜಾಗ ಬಂತು, ಅಷ್ಟೇ. ಮತ್ತೆ ಹೋಗಿ ಕೇಳಿದರೆ, "ಮೆಮೊರಿ ಚಿಪ್ ಹೋಗ್ಯಾದ್ರಿ ಸರ್, ಬೋರ್ಡೇ ಬದಲಿ ಮಾಡಬೇಕಾಗ್ತದ" ಅಂದ ಹುಡುಗ. ಸೆಟ್ಟಿಂಗ್ಸ್‌ನಲ್ಲಿ ಒಟ್ಟು ಜಾಗ ಮೊದಲಿನಂತೆ 13 ಜಿಬಿ ಅಂತಲೇ ತೋರಿಸುತ್ತಿತ್ತು, ಟ್ಯಾಬ್ ಹ್ಯಾಂಗ್ ಆಗುತ್ತಿರಲಿಲ್ಲ, ಫೈಲ್ ಕೆಡುತ್ತಿರಲಿಲ್ಲ. ಚಿಪ್ ಹೋದರೆ ಹೀಗಾ ಇರುತ್ತೆ? ಸದ್ಯ, ವಾಪಸ್ ತಂದೆ.

ಮನೆಗೆ ಬಂದು, ಮೊದಲೇ ಮಾಡಬೇಕಿದ್ದ ಕೆಲಸ ಆಗ ಮಾಡಿದೆ. ಸುಮ್ನೆ ಲೆಕ್ಕ ಕೂಡಿಸಿದೆ. ಆ್ಯಪ್, ಆಡಿಯೊ, ಫೋಟೊ, ಕ್ಯಾಶ್ (ಆ್ಯಪ್‌ಗಳ ತಾತ್ಕಾಲಿಕ ಫೈಲ್) ಎಲ್ಲ ಸೇರಿ 5 ಜಿಬಿ ಚಿಲ್ಲರೆ. ಖಾಲಿ ಇರುವುದು 300 ಎಂಬಿ. 13ರಲ್ಲಿ ಉಳಿದ 7 ಜಿಬಿಗೂ ಜಾಸ್ತಿ ಎಲ್ಲಿ ಹೋಯ್ತು?

ವಿಷಯ ಇಷ್ಟು. 2012ರ ಕೊನೆಗೆ ಬಂದ ಆಂಡ್ರಾಯ್ಡ್ 4.2ರಲ್ಲಿ ಒಂದೇ ಟ್ಯಾಬ್ ಅನ್ನು ಹಲವರು ಬಳಸುವ ಸೌಲಭ್ಯ ಕೊಟ್ಟರು. ಅದಕ್ಕಾಗಿ 'ಡೇಟಾ' (ನಮ್ಮ ಆ್ಯಪ್, ಫೈಲ್ ಎಲ್ಲ ಕೂರುವ ಭಾಗ) ಒಳಗಿನ 'ಮೀಡಿಯಾ' ಫೋಲ್ಡರ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಂಬರಿನ ಫೋಲ್ಡರ್. ಮೊದಲ ಬಳಕೆದಾರನಿಗೆ ಸೊನ್ನೆ. ನಾವು ಫೈಲ್ ಮ್ಯಾನೇಜರ್‌ನಲ್ಲಿ ನೋಡುವ ಇಂಟರ್ನಲ್ ಸ್ಟೋರೇಜ್ ಅಂದ್ರೆ ಆ ಸೊನ್ನೆ ಫೋಲ್ಡರ್ ಮಾತ್ರ. ನನ್ನ ರಿಕವರಿ, ಕ್ಲಾಕ್‌ವರ್ಕ್‌ಮಾಡ್, ಬ್ಯಾಕಪ್‌ಗಳನ್ನು ಸೊನ್ನೆಯ ಹೊರಗೆ, ನೇರ 'ಮೀಡಿಯಾ'ದಲ್ಲೇ ಇಡುತ್ತಿತ್ತು. ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ, ಜಾಗ ಮಾತ್ರ ತಿನ್ನುತ್ತೆ. ಅಂಗಡಿಯವರ ರೀಸೆಟ್ ಯಾಕೆ ಕೆಲಸ ಮಾಡಲಿಲ್ಲ ಅಂದ್ರೆ, ಇಂಥ ರಿಕವರಿಗಳ ರೀಸೆಟ್ ಫೋಟೊ ಹಾಡು ಉಳಿಯಲಿ ಅಂತ 'ಮೀಡಿಯಾ' ಫೋಲ್ಡರ್ ಮುಟ್ಟುವುದೇ ಇಲ್ಲ.

ರೂಟ್ ಅನುಮತಿ ಇರುವ ಫೈಲ್ ಮ್ಯಾನೇಜರ್ ಹಾಕಿ ಒಳಗೆ ಹೋದೆ. ಸೊನ್ನೆಯ ಪಕ್ಕದಲ್ಲೇ 'ಕ್ಲಾಕ್‌ವರ್ಕ್‌ಮಾಡ್' ಫೋಲ್ಡರ್ ಕೂತಿತ್ತು. ಒಳಗೆ 'ಬ್ಯಾಕಪ್', ನನ್ನ ಹಳೆ ಐದು ಬ್ಯಾಕಪ್‌ಗಳು. ಖುಷಿಯಿಂದ ಅಳಿಸಿದೆ. ಏನೂ ಆಗಲಿಲ್ಲ! ಇಲ್ಲಿ ತುಂಬಾ ಜನ ಎಡವುತ್ತಾರೆ ಅನ್ಸುತ್ತೆ. ಆ ರಿಕವರಿಯ ಆರನೇ ಆವೃತ್ತಿಯಿಂದ ಬ್ಯಾಕಪ್ ಫೋಲ್ಡರ್‌ನಲ್ಲಿ ಹೆಚ್ಚಾಗಿ ಪಟ್ಟಿ ಮಾತ್ರ ಇರುತ್ತೆ. ಅಸಲಿ ಸರಕು ಪಕ್ಕದ 'ಬ್ಲಾಬ್ಸ್' ಫೋಲ್ಡರ್‌ನಲ್ಲಿ. ಒಂದೇ ಫೈಲ್ ಐದು ಬ್ಯಾಕಪ್‌ನಲ್ಲಿದ್ದರೂ ಅಲ್ಲಿ ಒಂದೇ ಸಲ ಇಟ್ಟು ಜಾಗ ಉಳಿಸುವ ಉಪಾಯ. ಉಪಾಯ ಚೆನ್ನಾಗಿದೆ, ಆದರೆ ಪಟ್ಟಿ ಹರಿದು ಹಾಕಿದರೆ ಗೋದಾಮು ಖಾಲಿ ಆಗುತ್ತಾ? ನನ್ನ ಗೋದಾಮಿನಲ್ಲಿ 7.2 ಜಿಬಿ ಇತ್ತು.

ರಿಕವರಿಯ ಬ್ಯಾಕಪ್ ಮೆನುವಿನಲ್ಲೇ 'ಫ್ರೀ ಅನ್‌ಯೂಸ್ಡ್ ಬ್ಯಾಕಪ್ ಡೇಟಾ' ಅಂತ ಒಂದು ಸಾಲು ಇದೆ. ಅದನ್ನು ಒತ್ತಿದೆ, ಅಷ್ಟೂ ವಾಪಸ್ ಬಂತು. ನಿಮಗೆ ಯಾವುದಾದರೂ ಬ್ಯಾಕಪ್ ಬೇಕಿದ್ದರೆ ಬ್ಲಾಬ್ಸ್ ಅನ್ನು ಕೈಯಿಂದ ಅಳಿಸಬೇಡಿ, ಅದಿಲ್ಲದೆ ಬ್ಯಾಕಪ್ ಬರೀ ಪಟ್ಟಿ. ಕಂಪ್ಯೂಟರಿಗೆ ಹಾಕಿಕೊಳ್ಳುವುದಾದರೆ ಎರಡೂ ಫೋಲ್ಡರ್ ಒಟ್ಟಿಗೆ ಹಾಕಿಕೊಳ್ಳಿ. ಮತ್ತೆ ರೂಟ್ ಸಿಕ್ಕಿದೆ ಅಂತ ಅಲ್ಲಿರುವ ಬೇರೆ ಫೋಲ್ಡರ್‌ಗಳಿಗೆ ಕೈ ಹಾಕಬೇಡಿ, ಟ್ಯಾಬ್ ಆನ್ ಆಗದೆ ಲೋಗೊ ಹತ್ತಿರವೇ ಸುತ್ತುತ್ತಾ ಕೂರುತ್ತೆ. ನಿಮ್ಮದು ಬೇರೆ ರಿಕವರಿ ಆದರೆ ಫೋಲ್ಡರ್ ಹೆಸರು ಬೇರೆ ಇರುತ್ತೆ, ಹುಡುಕುವ ರೀತಿ ಇದೇ.

"ಹಾಡ ಎಲ್ಲಿ ಹೋದವೋ ತಮ್ಮಾ?" ಅಂತ ಅಪ್ಪ ಮೂರನೇ ದಿನ ಕೇಳಿದರು. ಅಳಿಸಿದ ಫೈಲ್ ತರುವ ಆ್ಯಪ್ ಹಾಕಿ ನೋಡಿದೆ, ಆ ಜಾಗದ ಮೇಲೆ ಅಷ್ಟರಲ್ಲಿ ಬೇರೆ ಏನೇನೋ ಬರೆದಾಗಿತ್ತು, ಒಂದೂ ಸಿಗಲಿಲ್ಲ. ಚಿಕ್ಕಪ್ಪನ ಮಗನ ವಾಟ್ಸಾಪ್‌ನಲ್ಲಿ ಮೂರು ಸಿಕ್ಕವು. ಉಳಿದ ಎಂಟು ಹಾಡಿದವರಲ್ಲಿ ಇಬ್ಬರು ಈಗ ಇಲ್ಲ.