ಇಟಗಿ ಮಹಾದೇವ ಗುಡಿ: ಲೇತ್ ಕೆಲಸದವನು ಒಳಗೆ ಕಂಡದ್ದು

ಕೊಪ್ಪಳದಲ್ಲಿ ನನ್ನದೊಂದು ಕಟ್ಟಿಗೆ ಲೇತ್ ಇದೆ. ಮಂಚದ ಕಾಲು, ತೊಟ್ಟಿಲ ಕಂಬ, ಲಟ್ಟಣಿಗೆ ಕಡೆಯುತ್ತೇನೆ. ಇಟಗಿಯ ಗುಡಿಗೆ ಸಣ್ಣವನಿದ್ದಾಗ ಶಾಲೆಯಿಂದ ಹೋಗಿದ್ದೆ. ನೆನಪಲ್ಲಿ ಉಳಿದಿದ್ದು ಮುಂದಿನ ಹೊಂಡ ಮಾತ್ರ. ಹೋದ ಭಾನುವಾರ ಅಪ್ಪನನ್ನು ಕರೆದುಕೊಂಡು ಮತ್ತೆ ಹೋದೆ. ಮೂರು ತಾಸು ಒಳಗೇ ಕಳೆದೆವು.

ಶಿಖರದ ಫೋಟೊ ಎಲ್ಲರೂ ಹಾಕುತ್ತಾರೆ. ನಾನು ಕಂಬದ ಬಗ್ಗೆ ಬರೆಯುತ್ತೇನೆ.

ಗುಡಿ ಕಟ್ಟಿಸಿದ್ದು 1112ರಲ್ಲಿ. ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಮುಂದಿನ ತೆರೆದ ಮಂಟಪದಲ್ಲಿ ನಿಂತರೆ ಆ ಮಾತು ಜಾಸ್ತಿ ಅನ್ನಿಸುವುದಿಲ್ಲ.

ಅಲ್ಲಿನ ಕಂಬಗಳು ತಿರುಗಣೆಯಲ್ಲಿ ಕಡೆದವು. ಅಡಿ ಚೌಕ. ಮೇಲೆ ಹೋದಂತೆ ಗಂಟೆಯ ಹಾಗೆ ಉಬ್ಬಿ, ಸಣ್ಣಗಾಗಿ, ಮತ್ತೆ ತಟ್ಟೆಯ ಹಾಗೆ ಅಗಲ. ಒಂದೊಂದು ಬಳೆಯ ಅಂಚೂ ಚಾಕುವಿನಷ್ಟು ಚೂಪು. ನಮ್ಮ ಕೆಲಸದಲ್ಲಿ ಈ ಅಂಚೇ ಕಷ್ಟ. ಉಳಿ ಒಂದು ಕೂದಲು ಜಾರಿದರೆ ಸಿಪ್ಪೆ ಏಳುತ್ತದೆ. ಆಗ ನಾವು ಕಟ್ಟಿಗೆ ಹೊಟ್ಟಿಗೆ ಫೆವಿಕಾಲ್ ಕಲಸಿ ತುಂಬುತ್ತೇವೆ, ಮೇಲೆ ಪಾಲಿಶ್ ಹೊಡೆಯುತ್ತೇವೆ. ಕಲ್ಲಿನಲ್ಲಿ ಅದೆಲ್ಲ ನಡೆಯುವುದಿಲ್ಲ. ಒಂದು ಚಕ್ಕೆ ಹಾರಿದರೆ ಇಡೀ ಕಂಬ ಹೋಯಿತು, ಅಲ್ವಾ?

ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಗಟ್ಟಿಯಾಗುತ್ತದೆ. ಬಾದಾಮಿ, ಪಟ್ಟದಕಲ್ಲಿನ ಗುಡಿಗಳು ಮರಳುಗಲ್ಲಿನವು. ಅಲ್ಲಿ ಕಾಣದ ಈ ನಯ ಇಲ್ಲಿ ಬಂದದ್ದು ಕಲ್ಲು ಬದಲಾಗಿದ್ದರಿಂದ. ಅಪ್ಪ ಒಂದು ಕಂಬದ ಮುಂದೆ ಕೂತೇಬಿಟ್ಟರು. ಐವತ್ತು ವರ್ಷ ಉಳಿ ಹಿಡಿದವರು. “ತಮ್ಮಾ, ಇದನ್ನ ತಿರುಗಿಸಾಕ ಎಷ್ಟು ಮಂದಿ ಬೇಕಾಗಿರಬೇಕು” ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಮಂಟಪದ ಅಂಚಿನಲ್ಲಿ ಸುತ್ತ ಕೂರುವ ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಗಿಡ್ಡ ಕಂಬಗಳು ನಿಂತು ಇಳಿಜಾರು ಸೂರನ್ನು ಹೊತ್ತಿವೆ. ಗುಡಿಯ ಪೀಠೋಪಕರಣ ಅಂದರೆ ಇದೇ. ಬಿಸಿಲು ಹೊರಗೇ ಉಳಿಯುತ್ತದೆ, ಗಾಳಿ ಮಾತ್ರ ಒಳಗೆ ಬರುತ್ತದೆ. ನಮ್ಮ ಸೀಮೆಯ ಬೇಸಿಗೆ ಗೊತ್ತಿದ್ದವರು ಕಟ್ಟಿದ ಜಾಗ.

ಮೇಲೆ ನೋಡುವುದನ್ನು ಮರೆಯಬೇಡಿ. ಚಾವಣಿಯಲ್ಲಿ ಮಕರದ ಬಾಯಿಂದ ಬಳ್ಳಿಗಳು ಸುರುಳಿ ಸುರುಳಿಯಾಗಿ ಹೊರಬರುತ್ತವೆ. ಕತ್ತು ನೋಯುವವರೆಗೂ ನೋಡಿದೆ. ಇಷ್ಟೆಲ್ಲ ಭಾರ ನಿಂತಿರುವುದು ಗಾರೆ ಇಲ್ಲದೆ, ಕಲ್ಲಿಗೆ ಕಲ್ಲು ಕೂಡಿಸಿ. ಸಂದಿಯಲ್ಲಿ ಉಗುರು ಹೋಗುವುದೂ ಕಷ್ಟ.

ಒಳಗಿನ ಮುಚ್ಚಿದ ಮಂಟಪ ಕತ್ತಲು. ಪಕ್ಕದ ಬಾಗಿಲಿಂದ ಬರುವ ಬೆಳಕು ಸಾಲದು. ಅಲ್ಲೂ ಒಳ್ಳೆಯ ಕೆಲಸವಿದೆ, ಆದರೆ ಅರ್ಧ ನೋಡದೇ ಹೊರಗೆ ಬರುತ್ತೀರಿ. ನೀವೇ ಒಂದು ಬ್ಯಾಟರಿ ಒಯ್ಯಿರಿ. ಗುಡಿಗೆ ಪೂರ್ವದ ಮುಖ, ಹಾಗಾಗಿ ಬೆಳಿಗ್ಗೆ ಎಂಟರೊಳಗೆ ಹೋದರೆ ಒಳ್ಳೆಯದು. ನಾವು ಹನ್ನೊಂದಕ್ಕೆ ಹೋಗಿ ತಪ್ಪು ಮಾಡಿದೆವು.

ರಿಪೇರಿ ಮಾಡಿದ ಕಡೆ ಸಾದಾ ಕಲ್ಲು ಕೂರಿಸಿದ್ದಾರೆ, ಹಳೆಯ ಕೆತ್ತನೆಯ ನಕಲು ಮಾಡಿಲ್ಲ. ಮೊದಲು ನನಗೆ ಬೋಳು ಬೋಳು ಅನ್ನಿಸಿತು. ಅಪ್ಪ ಒಪ್ಪಲಿಲ್ಲ. “ಹಳೆ ಮಂಚಕ್ಕ ಹೊಸ ಕಾಲು ಹಾಕಿದ್ರ, ಹೊಸಾದು ಅಂತ ಗೊತ್ತಾಗಬೇಕಪಾ. ಇಲ್ಲಾಂದ್ರ ಅದು ಮೋಸ.” ಈಗ ನನಗೂ ಹಾಗೇ ಅನ್ನಿಸುತ್ತಿದೆ. ಹೊಟ್ಟೆ ಉರಿದದ್ದು ಬೇರೆಯದಕ್ಕೆ. ಒಂದು ಕಂಬದ ಮೇಲೆ ಯಾರೋ ಮೊಳೆಯಿಂದ ಹೆಸರು ಗೀಚಿದ್ದಾರೆ. ಒಂಬೈನೂರು ವರ್ಷ ಉಳಿದ ನಯವನ್ನು ಎರಡು ನಿಮಿಷದಲ್ಲಿ ಹಾಳು ಮಾಡಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಜೊತೆಗೇ ಇರಿ.

ಇಟಗಿ ಇರುವುದು ಕುಕನೂರಿನ ಹತ್ತಿರ. ಹೋಗುವಾಗಲೋ ಬರುವಾಗಲೋ ಕುಕನೂರಿನ ನವಲಿಂಗ ಗುಡಿಯನ್ನೂ ನೋಡಬಹುದು. ನೀರು, ಬುತ್ತಿ ಕಟ್ಟಿಕೊಂಡು ಹೋಗಿ.

ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ. ನೋಟ್‌ಬುಕ್ಕಿನಲ್ಲಿ ಒಂದು ಕಂಬದ ಏರಿಳಿತ ಪೆನ್ಸಿಲಿನಿಂದ ಬರೆದುಕೊಂಡು ಬಂದಿದ್ದೇನೆ. ಅಕ್ಕನ ಮಗಳ ತೊಟ್ಟಿಲಿಗೆ ಅದೇ ನಮೂನೆ ಕಡೆಯುತ್ತಿದ್ದೇನೆ. ಮೂರನೇ ಬಳೆಯ ಅಂಚು ಇನ್ನೂ ಸರಿಯಾಗಿ ಬಂದಿಲ್ಲ.